ದಾರ ಕಾಣದ ಗೊಂಬೆ: ಬರ್ಮಾದ ಜನಪದ ಕುಣಿತವನ್ನು ನೋಡಲು, ಕಲಿಯಲು ಒಂದು ಸಮಗ್ರ ಮಾರ್ಗದರ್ಶಿ

ಬರ್ಮಾದ ಹುಡುಗಿಯೊಬ್ಬಳು ವೇದಿಕೆ ಮೇಲೆ ಎರಡು ಸುತ್ತು ತಿರುಗಿ ಥಟ್ಟನೆ ನಿಲ್ಲುತ್ತಾಳೆ. ಮೊಣಕೈ ಮೂಲೆಯ ಹಾಗೆ ಮಡಚಿದೆ. ಬೆರಳುಗಳು ಹಿಂದಕ್ಕೆ ಬಾಗಿವೆ. ಒಂದು ಕ್ಷಣ ಎಲ್ಲವೂ ಸ್ತಬ್ಧ. ಆಮೇಲೆ ಮೇಲಿಂದ ಯಾರೋ ದಾರ ಬಿಟ್ಟ ಹಾಗೆ ಅವಳ ತೋಳು ಕೆಳಗೆ ಬೀಳುತ್ತದೆ.

ನಾನು ಇದನ್ನು ಮೊದಲ ಸಲ ನೋಡಿದಾಗ ಭರತನಾಟ್ಯದ ಕಣ್ಣಿನಿಂದಲೇ ನೋಡಿದೆ. ಈ ಮುದ್ರೆಗೆ ಏನರ್ಥ, ಆ ನೋಟಕ್ಕೆ ಏನರ್ಥ ಎಂದು ಹುಡುಕುತ್ತಾ ಕೂತೆ. ಬಹಳ ದಿನಗಳ ಮೇಲೆ ಗೊತ್ತಾಯಿತು, ಅಲ್ಲಿನ ಕುಣಿತ ಓದಬೇಕಾದ್ದು ಹಾಗಲ್ಲ. ಅಲ್ಲಿ ಕೈಯ ಮಾತಿಗಿಂತ ಇಡೀ ಮೈಯ ಭಂಗಿಗೆ ಬೆಲೆ ಜಾಸ್ತಿ. ಆ ಭಂಗಿಯ ಒಳಗೆ ಒಂದು ಸೂತ್ರದ ಗೊಂಬೆ ಇದೆ. ಗೊಂಬೆ ಕಂಡರೆ ಕುಣಿತ ಅರ್ಥವಾಗುತ್ತದೆ. ಈ ಮಾರ್ಗದರ್ಶಿಯಲ್ಲಿ ಎಲ್ಲವನ್ನೂ ಆ ಗೊಂಬೆಯ ಸುತ್ತಲೇ ಹೊಂದಿಸಿದ್ದೇನೆ.

ಇಲ್ಲಿರುವ ಅಭ್ಯಾಸಗಳು ಮನೆಯಲ್ಲಿ, ಹತ್ತಡಿ ಜಾಗದಲ್ಲಿ ಮಾಡುವಂಥವು. ನಾನೇ ಹೊಂದಿಸಿಕೊಂಡ ಕ್ರಮ ಇದು, ಯಾವ ಶಾಲೆಯ ಪಾಠವೂ ಅಲ್ಲ. ಗುರುಗಳು ಸಿಕ್ಕರೆ ಅವರು ಹೇಳಿದ್ದೇ ಸರಿ. ಮೊಣಕಾಲು, ಸೊಂಟದ ನೋವು ಇರುವವರು ಮೂರನೇ ಹೆಜ್ಜೆಯನ್ನು ಕುರ್ಚಿಯ ಮೇಲೆ ಕೂತೇ ಮಾಡಿ.

ಹೆಜ್ಜೆ 1: ಮೊದಲು ಕಿವಿ

ಕಾಲು ಅಲ್ಲಾಡಿಸುವ ಮೊದಲು ವಾದ್ಯಮೇಳವನ್ನು ಕೇಳಿ. ಇದರ ಹೆಸರು ಸೈಂಗ್ ವೈಂಗ್. ನಡುವೆ ಇರುವುದು ಪತ್ ವೈಂಗ್, ಅಂದರೆ ಮರದ ಚೌಕಟ್ಟಿನ ಒಳಗೆ ವೃತ್ತಾಕಾರವಾಗಿ ತೂಗುಹಾಕಿದ 21 ಚಿಕ್ಕ ದೊಡ್ಡ ಮದ್ದಳೆಗಳು. ವಾದಕರು ಆ ವೃತ್ತದ ನಡುವೆ ಕೂತು ಬರಿಗೈಯಲ್ಲಿ ಹಾಡಿನ ಸ್ವರಗಳನ್ನೇ ನುಡಿಸುತ್ತಾರೆ. ಪ್ರತಿ ಮದ್ದಳೆಗೂ ಒಂದೊಂದು ಸ್ವರ. ಸ್ವರ ಕೂಡಿಸಲು ಅನ್ನ ಮತ್ತು ಬೂದಿ ಕಲಸಿದ ಮುದ್ದೆಯನ್ನು ಚರ್ಮಕ್ಕೆ ಅಂಟಿಸುತ್ತಾರೆ. ನಮ್ಮಲ್ಲಿ ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚುವುದನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ, ಅಲ್ವಾ?

ಪಕ್ಕದಲ್ಲಿ ಚೀ ವೈಂಗ್ ಎಂಬ ಹಿತ್ತಾಳೆ ಜಾಗಟೆಗಳ ವೃತ್ತ. ಹ್ನೆ ಎಂಬ ಊದುವ ವಾದ್ಯ. ಅದರ ದನಿ ನಮ್ಮ ಶಹನಾಯಿಗಿಂತ ತೀಕ್ಷ್ಣ. ಒಂದು ದೊಡ್ಡ ಡೋಲನ್ನು ಚಿನ್ನದ ಬಣ್ಣದ ಪುರಾಣಪ್ರಾಣಿಯ ಆಕಾರದ ಕಂಬಕ್ಕೆ ತೂಗುಹಾಕಿರುತ್ತಾರೆ. ಹೊಸ ಕಿವಿಗೆ ಇದೆಲ್ಲ ಒಟ್ಟಿಗೆ ಬಂದರೆ ಗದ್ದಲ ಅನಿಸಬಹುದು. ಅದಕ್ಕೆ ಎರಡು ಚಿಕ್ಕ ವಾದ್ಯಗಳನ್ನು ಮಾತ್ರ ಹಿಡಿದುಕೊಳ್ಳಿ. ಒಂದು ಸೀ, ಪುಟ್ಟ ತಾಳ. ಇನ್ನೊಂದು ವಾ, ಮರದ ಅಥವಾ ಬಿದಿರಿನ ಚಿಟಿಕೆ. ಹಾಡುವವರೇ ಇವೆರಡನ್ನೂ ಕೈಯಲ್ಲಿ ಹಿಡಿದು ಕಾಲವನ್ನು ಕಾಯುತ್ತಾರೆ.

ಅಭ್ಯಾಸ ಹೀಗಿರಲಿ. ನಾಲ್ಕು ಎಣಿಸಿ. ಒಂದಕ್ಕೆ ಸುಮ್ಮನಿರಿ. ಎರಡಕ್ಕೆ ಚಮಚದಿಂದ ಲೋಟಕ್ಕೆ ಮೆಲ್ಲಗೆ ತಟ್ಟಿ, ಅದು ಸೀ. ಮೂರಕ್ಕೆ ಸುಮ್ಮನಿರಿ. ನಾಲ್ಕಕ್ಕೆ ಮೇಜಿಗೆ ತಟ್ಟಿ, ಅದು ವಾ. ನಮಗೆ ತಾಳದ ತೂಕ ಮೊದಲ ಪೆಟ್ಟಿನಲ್ಲಿ, ಸಮದಲ್ಲಿ ಇರುತ್ತದೆ. ಇಲ್ಲಿ ತೂಕ ಕೊನೆಯ ಪೆಟ್ಟಿನಲ್ಲಿ. ಸಾಲು ವಾ ಕಡೆಗೆ ಹರಿದು ಬಂದು ಅಲ್ಲಿ ಇಳಿಯುತ್ತದೆ. ಕುಣಿಯುವವರು ಭಂಗಿಯಲ್ಲಿ ನಿಲ್ಲುವುದೂ ಅಲ್ಲೇ. ಕರ್ನಾಟಕ ಸಂಗೀತ ಕಲಿತವರಿಗೆ ಈ ತಿರುವು ಕಷ್ಟ ಕೊಡುತ್ತದೆ. ಒಂದು ವಾರ ದಿನಕ್ಕೆ ಹತ್ತು ನಿಮಿಷ ಇಷ್ಟನ್ನೇ ಮಾಡಿ. ಕೈಗೆ ಬಾರದೆ ಮುಂದೆ ಹೋಗಬೇಡಿ.

ಹೆಜ್ಜೆ 2: ಮನುಷ್ಯರಿಗಿಂತ ಮೊದಲು ಗೊಂಬೆಯನ್ನು ನೋಡಿ

ಬರ್ಮಾದ ಸೂತ್ರದ ಗೊಂಬೆಯಾಟಕ್ಕೆ ಯೊಕ್ ಥೇ ಎನ್ನುತ್ತಾರೆ. 18ನೇ ಶತಮಾನದ ಕೊನೆಯಲ್ಲಿ, ಸಿಂಗೂ ರಾಜನ ಕಾಲದಲ್ಲಿ (1776-1782), ಮನರಂಜನೆಯ ಉಸ್ತುವಾರಿಗೆ ಊ ಥೋ ಎಂಬ ಮಂತ್ರಿಯನ್ನು ನೇಮಿಸಲಾಯಿತು. ಗೊಂಬೆಯಾಟಕ್ಕೆ ಕಟ್ಟುನಿಟ್ಟಾದ ರೂಪ ಬಂದದ್ದು ಅವರಿಂದ ಎನ್ನುತ್ತಾರೆ. ಪೂರ್ತಿ ಮೇಳಕ್ಕೆ 28 ಗೊಂಬೆಗಳು. ರಾಜಕುಮಾರ, ರಾಜಕುಮಾರಿ, ಮಂತ್ರಿಗಳು, ಋಷಿ, ಬೇಲೂ ಎಂಬ ರಾಕ್ಷಸ, ಕುದುರೆ, ಕೋತಿ, ಆನೆ, ನಾಗ, ಗರುಡ, ಹಾರಾಡುವ ರಸವಾದಿ ಝೋಜಿ, ಹೀಗೆ. ಮುಖ್ಯ ಗೊಂಬೆಗಳಿಗೆ 18ರ ಆಸುಪಾಸು ದಾರಗಳಿರುತ್ತವೆ. ಹುಬ್ಬು, ಬೆರಳು ಕೂಡ ಆಡುತ್ತವೆ.

ಈ ಗೊಂಬೆಗಳು ರಾಜರ ಮೆಚ್ಚಿನ ಕಲೆಯಾದವು. ಗಂಡು ಹೆಣ್ಣು ಒಟ್ಟಿಗೆ ವೇದಿಕೆಯ ಮೇಲೆ ಸರಸದ ದೃಶ್ಯ ಆಡುವುದು ಆ ಸಮಾಜಕ್ಕೆ ಒಪ್ಪಿಗೆ ಇರಲಿಲ್ಲ. ಗೊಂಬೆಗಳಿಗೆ ಆ ಕಟ್ಟು ಇರಲಿಲ್ಲ. ಹಾಗಾಗಿ ನಾಟಕದ ನಡೆ, ನಿಲುವು, ತಿರುವುಗಳೆಲ್ಲ ಗೊಂಬೆಗಳ ಮೈಯಲ್ಲಿ ಪಳಗಿದವು. ಮುಂದೆ ಮನುಷ್ಯರು ವೇದಿಕೆ ಏರಿದಾಗ ಅವರ ಮುಂದಿದ್ದ ಮಾದರಿ ಗೊಂಬೆಯೇ.

ನಮ್ಮ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನು ಒಮ್ಮೆ ನೆನೆಸಿಕೊಳ್ಳಿ. ಅಲ್ಲಿ ಗೊಂಬೆ ಯಕ್ಷಗಾನದ ವೇಷಧಾರಿಯ ಹಾಗೆ ಕುಣಿಯಲು ನೋಡುತ್ತದೆ. ಗೊಂಬೆ ಎಷ್ಟು ಮನುಷ್ಯನಂತಾದರೆ ಅಷ್ಟು ಸೊಗಸು. ಬರ್ಮಾದಲ್ಲಿ ದಾರಿ ತಿರುಗಿಬಿಟ್ಟಿದೆ. ಮನುಷ್ಯ ಎಷ್ಟು ಗೊಂಬೆಯಂತಾದರೆ ಅಷ್ಟು ಸೊಗಸು. ನನ್ನನ್ನು ಈ ಕಲೆಯ ಕಡೆಗೆ ಎಳೆದದ್ದು ಇದೇ ಒಂದು ಸಂಗತಿ.

ನೋಡುವ ಕ್ರಮ ಹೇಳುತ್ತೇನೆ. ಅಂತರ್ಜಾಲದಲ್ಲಿ ಮಾಂಡಲೆಯ ಗೊಂಬೆಯಾಟದ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಒಂದು ರಾಜಕುಮಾರಿ ಗೊಂಬೆಯ ಕುಣಿತವನ್ನು ಸದ್ದು ಪೂರ್ತಿ ನಿಲ್ಲಿಸಿ ಮೂರು ಸಲ ನೋಡಿ. ಮೊದಲ ಸಲ ಮಣಿಕಟ್ಟು ಮಾತ್ರ. ಎರಡನೇ ಸಲ ತಲೆ ಮಾತ್ರ. ಮೂರನೇ ಸಲ ಪಾದ. ಗೊಂಬೆಯ ಪಾದಕ್ಕೆ ನೆಲ ಪೂರ್ತಿ ಸಿಗುವುದಿಲ್ಲ, ತೇಲಿದ ಹಾಗೆ ಇರುತ್ತದೆ. ಆಮೇಲೆ ಗೊಂಬೆ ಮತ್ತು ಮನುಷ್ಯರ ಜೋಡಿ ಕುಣಿತ ಹುಡುಕಿ. ಅದರಲ್ಲಿ ನರ್ತಕಿ ಗೊಂಬೆಯಾಗುತ್ತಾಳೆ. ಹಿಂದೆ ನಿಂತವರು ಇಲ್ಲದ ದಾರವನ್ನು ಹಿಡಿದು ಅವಳನ್ನು ಆಡಿಸುತ್ತಾರೆ. ಅದನ್ನು ನೋಡಿದ ಮೇಲೆ ಉಳಿದ ಎಲ್ಲ ಕುಣಿತದಲ್ಲೂ ನಿಮ್ಮ ಕಣ್ಣು ದಾರ ಹುಡುಕಲು ಶುರು ಮಾಡುತ್ತದೆ.

ಹೆಜ್ಜೆ 3: ನಿಲುವು

ಈಗ ಎದ್ದು ನಿಲ್ಲಿ. ಮೊದಲು ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮಣಿಕಟ್ಟು ತಿರುಗಿಸಿ, ಭುಜ ಸುತ್ತಿಸಿ, ಮೊಣಕಾಲು ಹತ್ತು ಸಲ ಮೆಲ್ಲಗೆ ಬಗ್ಗಿಸಿ.

ಅಲ್ಲಿ ಕಲಿಕೆ ಶುರುವಾಗುವುದು ನಮಸ್ಕಾರದಿಂದ. ಮಂಡಿಯೂರಿ ಕೂತು, ಕೈ ಮುಗಿದು, ಹಣೆ ನೆಲಕ್ಕೆ ತಾಗುವ ಹಾಗೆ ಬಾಗುತ್ತಾರೆ. ಬುದ್ಧ, ಧಮ್ಮ, ಸಂಘ, ತಂದೆತಾಯಿ, ಗುರು, ಈ ಐದಕ್ಕೆ ಗೌರವ. ಇದನ್ನು ಕದೋ ಎನ್ನುತ್ತಾರೆ. ನೀವು ಯಾವ ನಂಬಿಕೆಯವರಾದರೂ ಗುರುಗಳಿಗೆಂದು ಒಂದು ನಮಸ್ಕಾರ ಮಾಡಿ ಶುರು ಮಾಡಿ. ಬೇರೆ ಊರಿನ ಕಲೆಯನ್ನು ಮುಟ್ಟುವಾಗ ಅಷ್ಟು ಗೌರವ ಇರಲೇಬೇಕು.

ಪಾದ ಹತ್ತಿರ ಹತ್ತಿರ ಇಡಿ. ಹೆಂಗಸರ ಉಡುಪು ಕಾಲಿಗೆ ಬಿಗಿಯಾಗಿ ಸುತ್ತಿರುವುದರಿಂದ ತೊಡೆ, ಮೊಣಕಾಲು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಗಂಡಸರ ನಿಲುವು ಸ್ವಲ್ಪ ಅಗಲ. ಮೊಣಕಾಲು ಬಗ್ಗಿಸಿ. ನಮ್ಮ ಅರೆಮಂಡಿಯ ಹಾಗೆ ಹೊರಕ್ಕೆ ತೆರೆಯಬೇಡಿ, ಮುಂದಕ್ಕೇ ಇರಲಿ. ಎದೆ ಮುಂದೆ ತನ್ನಿ. ಸೊಂಟದ ಹತ್ತಿರ ಬೆನ್ನಿಗೆ ಒಂದು ಒಳಬಾಗು ಬರುತ್ತದೆ. ಆ ಬಾಗನ್ನು ಬಲವಂತವಾಗಿ ಜಾಸ್ತಿ ಮಾಡಬೇಡಿ. ಹೊಟ್ಟೆಯ ಸ್ನಾಯು ಸಡಿಲ ಬಿಟ್ಟು ಬೆನ್ನು ಮಾತ್ರ ಬಗ್ಗಿಸಿದರೆ ನಾಳೆ ಬೆಳಗ್ಗೆ ನೋವು ಖಂಡಿತ. ಹೊಟ್ಟೆ ಸ್ವಲ್ಪ ಒಳಕ್ಕೆಳೆದು ಹಿಡಿದರೆ ಬಾಗು ತಾನಾಗಿ ಸರಿಹೋಗುತ್ತದೆ.

ಮೊಣಕೈ ಮೈಯಿಂದ ದೂರ ಇರಲಿ, ಮಡಚಿರಲಿ. ಮಣಿಕಟ್ಟು ಮಡಚಿ, ಬೆರಳು ಸೇರಿಸಿ ಹಿಂದಕ್ಕೆ ಬಾಗಿಸಿ. ಕನ್ನಡಿಯ ಮುಂದೆ ನಿಂತು ನೋಡಿದರೆ ನಿಮ್ಮ ಮೈಯಲ್ಲಿ ಮೂಲೆಗಳು ಕಾಣಬೇಕು. ನೆರೆಯ ಥಾಯ್ಲೆಂಡಿನ ಕುಣಿತ ನೀರು ಹರಿದ ಹಾಗೆ ನಿಧಾನ, ಮೃದು. ಬರ್ಮಾದ್ದು ಚುರುಕು, ಕೋನ ಕೋನ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಮತ್ತೆ ಯಾವತ್ತೂ ಗೊಂದಲ ಆಗುವುದಿಲ್ಲ.

ಹೆಜ್ಜೆ 4: ದಾರ ಎಳೆಯುವುದು, ದಾರ ಬಿಡುವುದು

ಇದೇ ಈ ಮಾರ್ಗದರ್ಶಿಯ ಹೃದಯ. ಇಲ್ಲಿ ಸಮಯ ಕೊಡಿ.

ಬಲ ಮಣಿಕಟ್ಟಿಗೆ ಒಂದು ದಾರ ಕಟ್ಟಿದೆ, ಅದು ಚಾವಣಿಗೆ ಹೋಗಿದೆ ಅಂದುಕೊಳ್ಳಿ. ಒಂದು, ಎರಡು, ಮೂರು ಎಣಿಕೆಗೆ ದಾರ ಮೇಲಕ್ಕೆ ಎಳೆಯುತ್ತದೆ. ಮೊದಲು ಏಳುವುದು ಮಣಿಕಟ್ಟು, ಬೆರಳಲ್ಲ. ಬೆರಳು ಕೆಳಗೆ ಜೋತು ಹಿಂದೆ ಬರುತ್ತದೆ. ನಾಲ್ಕಕ್ಕೆ, ಅಂದರೆ ವಾ ಬಿದ್ದಾಗ, ಬೆರಳು ಚಿಮ್ಮಿ ಹಿಂದಕ್ಕೆ ಬಾಗುತ್ತದೆ ಮತ್ತು ಎಲ್ಲವೂ ನಿಲ್ಲುತ್ತದೆ. ಮುಂದಿನ ನಾಲ್ಕು ಎಣಿಕೆ ಅಲುಗಬೇಡಿ. ಉಸಿರಾಡಿ, ಅಷ್ಟೇ. ಆಮೇಲೆ ದಾರ ಬಿಟ್ಟುಹೋಯಿತು. ತೋಳು ತನ್ನ ಭಾರಕ್ಕೆ ಬೀಳಲಿ. ನೀವು ಇಳಿಸಬೇಡಿ. ಬೀಳುವುದಕ್ಕೂ ಇಳಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯ ಗುಟ್ಟು.

ಇದನ್ನೇ ಎಡಗೈಗೆ ಮಾಡಿ. ಆಮೇಲೆ ತಲೆಗೆ. ನೆತ್ತಿಗೆ ಕಟ್ಟಿದ ದಾರವನ್ನು ಪಕ್ಕಕ್ಕೆ ಎಳೆದರೆ ತಲೆ ಓರೆಯಾಗುತ್ತದೆ, ಗದ್ದ ಮುಂದೆ ಬರುವುದಿಲ್ಲ. ಆಮೇಲೆ ಎರಡು ಮೊಣಕಾಲಿಗೆ. ಕೊನೆಗೆ ಒಂದೇ ಸಲ ಎರಡು ದಾರ, ಬಲಗೈ ಮತ್ತು ಎಡ ಮೊಣಕಾಲು.

ಹೊಸಬರು ಇಲ್ಲಿ ಮಾಡುವ ತಪ್ಪು ಒಂದೇ. ನಿಲ್ಲುವ ಎಣಿಕೆಯಲ್ಲಿ ನಿಲ್ಲುವುದಿಲ್ಲ. ನಮಗೆ ಕುಣಿತ ಅಂದರೆ ಚಲನೆ ಅನ್ನುವ ಅಭ್ಯಾಸ. ಹಾಗಾಗಿ ಖಾಲಿ ಜಾಗ ಸಿಕ್ಕರೆ ಏನಾದರೂ ತುಂಬಿಸಲು ನೋಡುತ್ತೇವೆ. ಬರ್ಮಾದ ಕುಣಿತದಲ್ಲಿ ಚಲನೆ ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿ. ಮುಟ್ಟಬೇಕಾದ ಊರು ಭಂಗಿ. ಫೋನಿನಲ್ಲಿ ನಿಮ್ಮದೇ ವಿಡಿಯೋ ಮಾಡಿ. ಅದನ್ನು ವಾ ಬೀಳುವ ಜಾಗದಲ್ಲಿ ನಿಲ್ಲಿಸಿ ನೋಡಿ. ಅಲ್ಲಿ ಒಂದು ಸ್ಪಷ್ಟ ಚಿತ್ರ ಸಿಗಬೇಕು. ಮಸುಕು ಕೈ ಸಿಕ್ಕರೆ ನೀವು ಇನ್ನೂ ದಾರಿಯಲ್ಲೇ ಇದ್ದೀರಿ.

ಅಲ್ಲಿ ಹಿಂದೆ ಈ ವಿದ್ಯೆ ಮೇಳದಿಂದ ಮೇಳಕ್ಕೆ, ಬಾಯಿಂದ ಬಾಯಿಗೆ ಬರುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಓಬಾ ಥೌಂಗ್ (1898-1971) ಎಂಬ ನರ್ತಕಿ ಅದನ್ನು ಐದು ಹಂತದ ಪಾಠಕ್ರಮವಾಗಿ ಬರೆದಿಟ್ಟರು. ಅವರು 1950ರ ದಶಕದಲ್ಲಿ ಮಾಂಡಲೆಯ ಸರಕಾರಿ ಕಲಾಶಾಲೆಯಲ್ಲಿ ಕಲಿಸಿದರು. ಬರೆದಿಡದೆ ಹೋಗಿದ್ದರೆ ಎಷ್ಟು ಅಡವುಗಳು ಆ ತಲೆಮಾರಿನ ಜೊತೆಗೇ ಹೋಗುತ್ತಿದ್ದವೋ. ಅವರ ಕೆಲಸದ ಬಗ್ಗೆ ಯೋಚಿಸಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಹೆಜ್ಜೆ 5: ಸೆರಗನ್ನು ಒದೆಯುವುದು

ಹೆಂಗಸರ ಕುಣಿತದ ಉಡುಪು ಥಮೇನ್. ನಮ್ಮ ಲುಂಗಿಯ ಹಾಗೆ ಸುತ್ತುವುದು, ಆದರೆ ಕೆಳಗೆ ಉದ್ದವಾದ ಬಿಳಿ ಸೆರಗು ನೆಲದ ಮೇಲೆ ಹರಡಿರುತ್ತದೆ. ಮೇಲೆ ಅಂಚು ಹೊರಕ್ಕೆ ಚಿಮ್ಮಿದ ಅರಮನೆ ಕಾಲದ ರವಿಕೆ. ರೇಷ್ಮೆ ಥಮೇನ್‌ನಲ್ಲಿ ಅಲೆ ಅಲೆಯಾದ ನೇಯ್ಗೆ ಇರುತ್ತದೆ. ಅಮರಾಪುರದ ನೇಕಾರರು ನೂರಕ್ಕೂ ಹೆಚ್ಚು ಲಾಳಿ ಬಳಸಿ ಅದನ್ನು ನೇಯುತ್ತಾರೆ.

ತಿರುಗುವಾಗ ಆ ಸೆರಗು ಕಾಲಿಗೆ ಸುತ್ತಿಕೊಳ್ಳದಂತೆ ಹಿಮ್ಮಡಿಯಿಂದ ಹಿಂದಕ್ಕೆ ಒದೆಯಬೇಕು. ಒದೆತ ಕಂಡರೂ ಸೊಂಟದ ಮೇಲಿನ ಮೈ ಅಲುಗಬಾರದು. ಮುಖದಲ್ಲಿ ಶ್ರಮ ಕಾಣಬಾರದು. ಮನೆಯಲ್ಲಿ ಹಳೆಯ ಹತ್ತಿ ಸೀರೆಯ ಎರಡು ಮೀಟರ್ ತುಂಡನ್ನು ಸೊಂಟಕ್ಕೆ ಸುತ್ತಿ, ಒಂದು ಮೊಳ ನೆಲಕ್ಕೆ ಬಿಟ್ಟು ಅಭ್ಯಾಸ ಮಾಡಿ. ಮೊದಲು ನಿಂತಲ್ಲೇ ಒದೆಯಿರಿ. ಆಮೇಲೆ ಕಾಲು ಸುತ್ತು ತಿರುಗಿ ಒದೆಯಿರಿ. ನುಣುಪು ಟೈಲ್ಸ್ ಮೇಲೆ ಬೇಡ, ಜಾರುತ್ತದೆ.

ಹೆಜ್ಜೆ 6: ಡೋಲು ಕೇಳಿ ಊರ ಕುಣಿತ ಗುರುತಿಸಿ

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ವೇದಿಕೆಯ ಕುಣಿತ. ಹಳ್ಳಿಯಲ್ಲಿ ಕುಣಿತದ ಹೆಸರು ಡೋಲಿನಿಂದ ಬರುತ್ತದೆ. ದೋಬತ್ ಅಂದರೆ ಕೊರಳಿಗೆ ಹಾಕಿಕೊಂಡು ಎರಡೂ ಕಡೆ ಬಾರಿಸುವ ಡೋಲು. ಅದರ ಸುತ್ತ ಕುಣಿಯುವುದು ದೋಬತ್ ಕುಣಿತ. ಓಝಿ ಉದ್ದನೆಯ, ಲೋಟದ ಆಕಾರದ ಒಂಟಿ ಮುಖದ ಡೋಲು. ಬೊಂಜಿ ಭತ್ತದ ನಾಟಿಯ ಡೋಲು. ಗದ್ದೆ ಬದುವಿನ ಮೇಲೆ ಅದು ಬಡಿಯುತ್ತಿದ್ದರೆ ಕೆಸರಿನಲ್ಲಿ ಹೆಂಗಸರು ಹಾಡುತ್ತಾ ಸಸಿ ನೆಡುತ್ತಾರೆ. ಬ್ಯೋ ಸಂತಸದ, ದಾನಧರ್ಮದ ಸಮಾರಂಭಗಳ ಡೋಲು.

ಗುಂಪಾಗಿ ಕಲಿಯುವವರಿಗೆ ಯೇನ್ ಒಳ್ಳೆಯ ಆರಂಭ. ಎಲ್ಲರೂ ಒಂದೇ ಉಡುಪು, ಒಂದೇ ಚಲನೆ. ಏಪ್ರಿಲ್ ಮಧ್ಯದ ಹೊಸ ವರ್ಷದ ನೀರಿನ ಹಬ್ಬದಲ್ಲಿ ಬೀದಿ ಬೀದಿಯಲ್ಲಿ ಯೇನ್ ಇರುತ್ತದೆ. ಆರು ಜನ ಸೇರಿ ನಾಲ್ಕನೇ ಹೆಜ್ಜೆಯ ಬಲಗೈ ಅಭ್ಯಾಸವನ್ನೇ ಒಟ್ಟಿಗೆ ಮಾಡಿ ನೋಡಿ. ಆರು ತೋಳುಗಳು ಒಂದೇ ಕ್ಷಣಕ್ಕೆ ನಿಂತು, ಒಂದೇ ಕ್ಷಣಕ್ಕೆ ಬಿದ್ದರೆ ಮೈ ಜುಮ್ಮೆನ್ನುತ್ತದೆ.

ಮಕ್ಕಳಿಗೆ ಊ ಶ್ವೇ ಯೋ ಮತ್ತು ಡೋ ಮೋ ಜೋಡಿ ತುಂಬಾ ಇಷ್ಟ. ದೊಡ್ಡ ಮೀಸೆ, ಕೈಯಲ್ಲಿ ಕೊಡೆ ಹಿಡಿದ ಮುದುಕ, ಅವನ ಜೊತೆ ಕೊಂಕು ಮಾಡುವ ಮುದುಕಿ. ಹಬ್ಬದ ಮೆರವಣಿಗೆಯಲ್ಲಿ ಇವರಿಲ್ಲದಿದ್ದರೆ ಏನೋ ಕಡಿಮೆ. ಇದು ಅನಾದಿ ಕಾಲದ್ದು ಎಂದು ಬಹಳ ಜನ ತಿಳಿದಿದ್ದಾರೆ. 1920ರ ದಶಕದಲ್ಲಿ ವ್ಯಂಗ್ಯಚಿತ್ರಕಾರ, ನಟ ಬಾ ಗಲೇ ಅವರಿಂದ ಹೆಸರಾದದ್ದು ಇದು. ನೂರು ವರ್ಷದಲ್ಲೇ ಜನಪದವಾಗಿಬಿಟ್ಟಿತು. ಜನ ತಮ್ಮದು ಅಂದುಕೊಂಡರೆ ಅದು ಜನಪದ ಅನ್ನುವುದು ನನ್ನ ನಂಬಿಕೆ.

ಚೌಕ್‌ಸೆ ಊರಿನ ಆನೆ ಕುಣಿತವನ್ನೂ ಬಿಡಬೇಡಿ. ಅಕ್ಟೋಬರ್ ಹೊತ್ತಿನ ಥಡಿಂಜುತ್ ಹುಣ್ಣಿಮೆಯ ಸುಮಾರಿಗೆ ಬಿದಿರು, ಕಾಗದದಿಂದ ಆನೆ ಮಾಡಿ, ಒಳಗೆ ಇಬ್ಬರು ಗಂಡಸರು ಸೇರಿ ಕುಣಿಯುತ್ತಾರೆ. ಮುಂದಿನವನಿಗೆ ದಾರಿ ಕಾಣುತ್ತದೆ, ಹಿಂದಿನವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಇಬ್ಬರೂ ಒಂದೇ ಉಸಿರಿನಲ್ಲಿ ಹೆಜ್ಜೆ ಹಾಕಬೇಕು.

ಹೆಜ್ಜೆ 7: ಪದ ಹಿಡಿದು ಪ್ರಭಾವದ ದಾರಿಯಲ್ಲಿ ನಡೆಯಿರಿ

ಪ್ರಭಾವ ಎಲ್ಲಿಂದ ಬಂತು ಎಂದು ತಿಳಿಯಲು ಕನ್ನಡಿಗರಿಗೆ ಒಂದು ಸುಲಭ ಕೀಲಿ ಇದೆ. ಬರ್ಮೀ ಬಾಯಲ್ಲಿ ನಮ್ಮ ‘ಸ’ ಸಾಮಾನ್ಯವಾಗಿ ‘ಥ’ದ ಹತ್ತಿರದ ದನಿಯಾಗುತ್ತದೆ. ‘ರ’ ‘ಯ’ ಆಗುತ್ತದೆ. ‘ಜ’ ‘ಝ’ ಆಗುತ್ತದೆ. ಈ ಮೂರನ್ನು ನೆನಪಿಟ್ಟುಕೊಂಡು ಮುಂದಿನ ಹೆಸರುಗಳನ್ನು ಓದಿ.

ಯಾಮ ಯಾರು? ರಾಮ. ಥೀಡಾ? ಸೀತಾ. ಲೆಖ್ಖನ? ಲಕ್ಷ್ಮಣ. ಹೊಸ ವರ್ಷದ ಹಬ್ಬ ಥಿಂಜಾನ್ ಅಂದರೆ ಸಂಕ್ರಾಂತಿ. ನಮ್ಮ ತುಳುನಾಡಿನ ಬಿಸು ಬರುವ ಹೊತ್ತಿಗೇ, ಸೂರ್ಯ ಮೇಷಕ್ಕೆ ಬರುವಾಗ, ಅದೂ ಬರುತ್ತದೆ. ಆ ದಿನ ಭೂಮಿಗೆ ಇಳಿದು ಬರುವ ದೇವತೆ ಥಜಾ ಮಿನ್, ಅಂದರೆ ಶಕ್ರ, ನಮ್ಮ ಇಂದ್ರ. ರಾತ್ರಿಯಿಡೀ ನಡೆಯುವ ನಾಟಕ ಮೇಳಕ್ಕೆ ಝತ್ ಪ್ವೆ ಎನ್ನುತ್ತಾರೆ. ಝತ್ ಬಂದದ್ದು ಜಾತಕದಿಂದ, ಬುದ್ಧನ ಹಿಂದಿನ ಜನ್ಮಗಳ ಕಥೆಗಳಿಂದ. ಗೊಂಬೆಗಳಲ್ಲಿ ಕಂಡ ಝೋಜಿ? ಯೋಗಿ.

ಬರ್ಮೀ ಅಕ್ಷರಗಳು ನಮ್ಮ ಅಕ್ಷರಗಳ ಹಾಗೆ ದುಂಡಗೆ ಇರುವುದೂ ಸುಮ್ನೆ ಅಲ್ಲ. ಆ ಲಿಪಿಯ ಬೇರು ದಕ್ಷಿಣ ಭಾರತದ ಪಲ್ಲವ, ಕದಂಬ ಲಿಪಿಗಳ ಕಡೆಗೆ ಹೋಗುತ್ತದೆ. ಬರ್ಮಾದ ಹಳೆಯ ರಾಜಧಾನಿ ಬಗಾನ್‌ನಲ್ಲಿ ಸಿಕ್ಕ 13ನೇ ಶತಮಾನದ ಒಂದು ತಮಿಳು ಶಾಸನ ಅಲ್ಲಿನ ವಿಷ್ಣು ಗುಡಿಯನ್ನು ‘ನಾನಾದೇಶಿ ವಿಣ್ಣಗರ’ ಎನ್ನುತ್ತದೆ. ನಾನಾದೇಶಿಗಳು ಎಂಬ ವರ್ತಕರ ಹೆಸರು ನಮ್ಮ ಐಹೊಳೆಯ ಐನೂರ್ವರ ಶಾಸನಗಳಲ್ಲೂ ಬರುತ್ತದೆ. ವ್ಯಾಪಾರದ ಹಡಗುಗಳ ಜೊತೆ ಕಥೆಗಳೂ ದೇವರೂ ಹೋದರು. ಹಾಗೆಂದು ಅವರ ಕುಣಿತ ನಮ್ಮಿಂದ ಹೋದದ್ದು ಎಂದು ಬೀಗುವುದು ತಪ್ಪು. ಕಥೆ ಒಂದೇ ಆದರೂ ಮೈ ಅವರದೇ.

ಆ ಮೈ ಬಹಳ ಹಳೆಯದು. ಬರ್ಮಾದ ಪ್ರಾಚೀನ ಜನರಾದ ಪ್ಯೂಗಳ ಶ್ರೀಕ್ಷೇತ್ರ ನಗರದಲ್ಲಿ ಪುಟ್ಟ ಕಂಚಿನ ಬೊಂಬೆಗಳು ಸಿಕ್ಕಿವೆ. ಡೋಲು ಬಾರಿಸುವವನು, ಕೊಳಲು ಊದುವವನು, ತಾಳ ಹಿಡಿದವನು, ಕುಣಿಯುವವನು, ಜೊತೆಗೆ ಒಬ್ಬ ಕುಳ್ಳ. ಸಾವಿರ ವರ್ಷಕ್ಕೂ ಹಿಂದಿನ ಒಂದು ಪೂರ್ತಿ ಮೇಳ ಅದು. 802ರಲ್ಲಿ ಪ್ಯೂ ರಾಜ್ಯ ತನ್ನ 35 ವಾದಕರನ್ನು ಚೀನಾದ ತಾಂಗ್ ದೊರೆಗಳ ರಾಜಧಾನಿ ಚಾಂಗಾನ್‌ಗೆ ಕಳಿಸಿತ್ತು. ಚೀನೀ ದಾಖಲೆಗಳು ಅವರ ವಾದ್ಯ, ಹಾಡುಗಳನ್ನು ಬರೆದಿಟ್ಟಿವೆ. ಬೈ ಜುಯಿ ಎಂಬ ದೊಡ್ಡ ಕವಿ ಆ ಸಂಗೀತದ ಮೇಲೆ ಪದ್ಯವನ್ನೇ ಬರೆದ.

ಇನ್ನೊಂದು ದೊಡ್ಡ ತಿರುವು 1767. ಆ ವರ್ಷ ಬರ್ಮಾದ ಸೈನ್ಯ ಥಾಯ್ ರಾಜಧಾನಿ ಅಯುತ್ಥಾಯವನ್ನು ಹಾಳುಗೆಡವಿತು. ಸೆರೆಯಾಗಿ ಬಂದವರಲ್ಲಿ ಅರಮನೆಯ ನಟರು, ನರ್ತಕರು, ವಾದಕರು ಇದ್ದರು. ಅವರ ರಾಮಾಯಣ ಬರ್ಮಾದ ಆಸ್ಥಾನಕ್ಕೆ ಬಂತು. ಮ್ಯಾವಡಿ ಮಿಂಜಿ ಊ ಸಾ (1766-1853) ಎಂಬ ಮಂತ್ರಿ ಕವಿ ಅದನ್ನು ಬರ್ಮೀ ಮಾತು, ಬರ್ಮೀ ಹಾಡಿಗೆ ತಂದವರಲ್ಲಿ ಮುಖ್ಯರು. ಇವತ್ತಿಗೂ ಥಾಯ್ ಮೂಲದ ಹಾಡುಗಳಿಗೆ ಯೋಡಯಾ ಎನ್ನುತ್ತಾರೆ. ಯೋಡಯಾ ಅಂದರೆ ಅಯುತ್ಥಾಯ. ಅಯುತ್ಥಾಯ ಅಂದರೆ ಅಯೋಧ್ಯೆ. ರಾಮನ ಊರಿನ ಹೆಸರು ಇಷ್ಟು ಸುತ್ತಿ, ಯುದ್ಧ ದಾಟಿ, ಒಂದು ರಾಗದ ಹೆಸರಿನ ಹಾಗೆ ಉಳಿದುಕೊಂಡಿದೆ. ಸೆರೆಯಾಳುಗಳಾಗಿ ಬಂದ ಆ ಕಲಾವಿದರ ನೋವನ್ನು ಮರೆತು ಈ ಕಥೆಯನ್ನು ಬರೀ ‘ಕೊಡುಕೊಳ್ಳುವಿಕೆ’ ಎಂದು ಹೇಳಬಾರದು.

ಅಭ್ಯಾಸ: ಯಾಮ ಝತ್‌ನ, ಅಂದರೆ ಬರ್ಮೀ ರಾಮಾಯಣ ನಾಟಕದ, ಒಂದು ದೃಶ್ಯ ನೋಡಿ. ಮುಖವಾಡ, ಕಿರೀಟ ನೋಡಿದರೆ ಥಾಯ್ ನೆನಪಾಗುತ್ತದೆ. ಆಮೇಲೆ ಮೊಣಕೈ ನೋಡಿ. ಅಲ್ಲಿ ಗೊಂಬೆ ಇದೆ.

ಹೆಜ್ಜೆ 8: ನಾಟ್ ಕುಣಿತ ಕಂಡರೆ ಕೈಕಟ್ಟಿ ನಿಲ್ಲಿ

ನಾಟ್ ಎಂದರೆ ಅಲ್ಲಿನ ಜನರ ದೈವಗಳು. ಬೌದ್ಧ ಧರ್ಮದ ಜೊತೆಜೊತೆಗೇ ಬಾಳುತ್ತಿರುವ ನಂಬಿಕೆ. 11ನೇ ಶತಮಾನದ ಅನೋರಥಾ ರಾಜ 37 ನಾಟ್‌ಗಳ ಪಟ್ಟಿಗೆ ಥಜಾ ಮಿನ್‌ನನ್ನು ಒಡೆಯನಾಗಿ ಕೂರಿಸಿದ ಎನ್ನುತ್ತದೆ ಪರಂಪರೆ. ಬಹಳಷ್ಟು ನಾಟ್‌ಗಳು ಅನ್ಯಾಯವಾಗಿ ಸತ್ತವರು. ಅವರಲ್ಲಿ ದೊಡ್ಡವನು ಮಹಾಗಿರಿ. ತಗೌಂಗ್‌ನ ಬಲಶಾಲಿ ಕಮ್ಮಾರ ಅವನು, ಹೆದರಿದ ರಾಜ ಸುಡಿಸಿ ಕೊಂದ. ಅವನ ಸುಟ್ಟ ಗಾಯಕ್ಕೆ ತಂಪಾಗಲಿ ಎಂದು ಇಂದಿಗೂ ಮನೆಯಲ್ಲಿ ಅವನಿಗೆಂದು ತೆಂಗಿನಕಾಯಿ ತೂಗುಹಾಕುತ್ತಾರೆ. ಅವನ ನೆಲೆ ಪೊಪ್ಪಾ ಬೆಟ್ಟ.

ಈ ದೈವಗಳು ಮೈಮೇಲೆ ಬರುವುದು ನಾಟ್ ಗಡೋಗಳ ಮೂಲಕ. ಆ ಪದದ ಅರ್ಥ ನಾಟ್‌ನ ಹೆಂಡತಿ. ಇಂದು ಈ ಕೆಲಸ ಮಾಡುವವರಲ್ಲಿ ಟ್ರಾನ್ಸ್ ಮಹಿಳೆಯರು ಬಹಳ ಜನ, ಹಬ್ಬಗಳಲ್ಲಿ ಅವರಿಗೆ ಮರ್ಯಾದೆ ಇದೆ. ಆಗಸ್ಟ್ ಹೊತ್ತಿಗೆ ಮಾಂಡಲೆ ಹತ್ತಿರದ ತೌಂಗ್‌ಬ್ಯೋನ್‌ನಲ್ಲಿ ದೊಡ್ಡ ಜಾತ್ರೆ. ಕೋ ಜಿ ಚೋ ಎಂಬ ನಾಟ್ ಕುಡಿತ, ಜೂಜಿನ ಪ್ರೇಮಿ, ಅವನಿಗೆ ಹುರಿದ ಕೋಳಿ, ಮದ್ಯದ ನೈವೇದ್ಯ. ಅವನು ಬಂದಾಗ ಕುಣಿತದ ಲಯವೇ ಬದಲಾಗುತ್ತದೆ.

ಭೂತಕೋಲ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರ್ಮಾದಲ್ಲಿ ವೇದಿಕೆಯ ಆಟಕ್ಕೂ ಮೊದಲು ಕೆಂಪು ಪಟ್ಟಿ ಕಟ್ಟಿದ ನರ್ತಕಿ ತೆಂಗಿನಕಾಯಿ, ಬಾಳೆಗೊನೆಯ ತಟ್ಟೆ ಹಿಡಿದು ಕುಣಿದು ಜಾಗವನ್ನು ನಾಟ್‌ಗಳಿಗೆ ಒಪ್ಪಿಸುತ್ತಾಳೆ. ಆ ವೇದಿಕೆಯ ರೂಪವನ್ನು ಗುರುಗಳಿಂದ ಕಲಿಯಬಹುದು. ಜಾತ್ರೆಯ ಆವೇಶದ ಕುಣಿತವನ್ನು ಮಾತ್ರ ಶಾಲೆಯ ವಾರ್ಷಿಕೋತ್ಸವಕ್ಕೆ ಅನುಕರಣೆ ಮಾಡಿಸಬೇಡಿ. ಅದು ಪೂಜೆ.

ಹೆಜ್ಜೆ 9: ಬರ್ಮಾ ಎಂದರೆ ಬಮಾರ್ ಜನ ಮಾತ್ರ ಅಲ್ಲ

ಮೇಲೆ ಹೇಳಿದ ಹೆಚ್ಚಿನದು ಬಹುಸಂಖ್ಯಾತ ಬಮಾರ್ ಜನರದು. ಬೆಟ್ಟಗಳ ಕಡೆ ಹೋದರೆ ಕುಣಿತವೇ ಬೇರೆ, ಅಲ್ಲಿ ಗೊಂಬೆಯ ನೆರಳಿಲ್ಲ.

ಕಚಿನ್ ಜನರ ಮನೋ ಹಬ್ಬ ನನಗೆ ಬಹಳ ಪ್ರಿಯ. ಮಿಚೀನಾದಲ್ಲಿ ಜನವರಿಯಲ್ಲಿ ನಡೆಯುತ್ತದೆ. ಮೈದಾನದ ನಡುವೆ ಎತ್ತರದ ಬಣ್ಣದ ಕಂಬಗಳು, ಅವುಗಳ ಮೇಲೆ ಸುತ್ತಿ ಸುಳಿಯುವ ಗೆರೆಗಳು. ಆ ಗೆರೆಗಳೇ ಕುಣಿತದ ನಕ್ಷೆ. ಹಕ್ಕಿಗರಿಯ ಕಿರೀಟ ತೊಟ್ಟ ಮುಂದಾಳುಗಳು ಆ ದಾರಿಯಲ್ಲೇ ಸಾಗುತ್ತಾರೆ, ಹಿಂದೆ ನೂರಾರು ಜನರ ಸಾಲು. ಸೂರ್ಯಲೋಕದಲ್ಲಿ ಕಲಿತ ಕುಣಿತವನ್ನು ಹಕ್ಕಿಗಳು ಭೂಮಿಗೆ ತಂದವು, ಹಕ್ಕಿಗಳಿಂದ ಮನುಷ್ಯರು ಕಲಿತರು ಎಂದು ಕಚಿನ್ ಜನ ಹೇಳುತ್ತಾರೆ.

ಶಾನ್ ಜನರಲ್ಲಿ ರೆಕ್ಕೆ ಬಾಲ ಕಟ್ಟಿಕೊಂಡ ಕಿನ್ನರ ಕಿನ್ನರಿಯರ ಕುಣಿತ ಇದೆ. ಬುದ್ಧ ದೇವಲೋಕದಿಂದ ಇಳಿದು ಬಂದಾಗ ಹಿಮವಂತ ಕಾಡಿನ ಜೀವಿಗಳು ಸ್ವಾಗತಿಸಿದ ನೆನಪು ಅದು. ಕಯಿನ್ ಜನರ ಡೋನ್ ಗುಂಪು ಕುಣಿತ, ಚಿನ್ ಜನರ ಬಿದಿರು ಕುಣಿತ ಕೂಡ ನೋಡಿ. ಚಿನ್ ಜನರು ನಮ್ಮ ಮಿಜೋರಾಂನ ಮಿಜೋ ಜನರ ನೆಂಟರು. ಮಿಜೋಗಳ ಚೆರೌ ನೋಡಿದವರಿಗೆ ಅವರ ಬಿದಿರಿನ ಸದ್ದು ಗೊತ್ತಿರುತ್ತದೆ.

ಹೆಜ್ಜೆ 10: ಎಂಟು ವಾರದ ಹೊಂದಿಕೆ

ಮೊದಲ ವಾರ ಬರೀ ಸೀ, ವಾ. ಎರಡನೇ ವಾರ ಗೊಂಬೆ ನೋಡುವುದು, ತಾಳ ಬಿಡಬೇಡಿ. ಮೂರನೇ ವಾರ ನಿಲುವು. ನಾಲ್ಕು, ಐದು, ಆರನೇ ವಾರ ಪೂರ್ತಿ ದಾರದ ಅಭ್ಯಾಸಕ್ಕೆ ಕೊಡಿ, ಆರನೇ ವಾರದ ಕೊನೆಗೆ ಸೆರಗು ಸೇರಿಸಿ. ಏಳನೇ ವಾರ ಗುಂಪಾಗಿ ಯೇನ್. ದಿನಕ್ಕೆ ಅರ್ಧ ಗಂಟೆ ಸಾಕು. ಒಂದು ದಿನ ತಪ್ಪಿದರೆ ಮರುದಿನ ಒಂದು ಗಂಟೆ ಮಾಡಿ ಮಣಿಕಟ್ಟು ನೋಯಿಸಿಕೊಳ್ಳಬೇಡಿ.

ಈ ನಡುವೆ ಅನ್ಯೇಯ್ನ್ ಒಂದನ್ನಾದರೂ ಪೂರ್ತಿ ನೋಡಿ. ಒಬ್ಬ ನರ್ತಕಿ ಹಾಡಿ ಕುಣಿಯುತ್ತಾಳೆ, ನಡುನಡುವೆ ಹಾಸ್ಯಗಾರರು ಬಂದು ಊರಿನ, ಆಳುವವರ ಸುದ್ದಿಯನ್ನೆಲ್ಲ ಮಾತಿಗೆಳೆಯುತ್ತಾರೆ. ಆ ಮಾತಿಗೆ ಬೆಲೆ ತೆತ್ತವರಿದ್ದಾರೆ. ಮಾಂಡಲೆಯ ಮೀಸೆ ಸಹೋದರರ ಮೇಳದ ಪಾ ಪಾ ಲೇ 1996ರಲ್ಲಿ ವಿರೋಧ ಪಕ್ಷದ ನಾಯಕಿ ಆಂಗ್ ಸಾನ್ ಸೂ ಚಿ ಅವರ ಮನೆಯಲ್ಲಿ ಆಡಿದ ಹಾಸ್ಯಕ್ಕಾಗಿ ಜೈಲಿಗೆ ಹೋದರು. ನರ್ತಕಿಯ ನಯವಾದ ಕೈಗಳ ಪಕ್ಕದಲ್ಲೇ ಆ ಧೈರ್ಯವೂ ಕೂತಿರುತ್ತದೆ ಎಂದು ತಿಳಿದು ನೋಡಿ.

ಎಂಟನೇ ವಾರ ಮನೆಯವರಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಅವರಿಗೆ ಬರ್ಮಾ, ಗೊಂಬೆ ಏನನ್ನೂ ಹೇಳಬೇಡಿ. ಚಮಚ, ಲೋಟ ಅವರ ಕೈಗೆ ಕೊಟ್ಟು ಸೀ ವಾ ಹಾಕಲು ಹೇಳಿ. ನೀವು ನಾಲ್ಕನೇ ಹೆಜ್ಜೆಯ ಅಭ್ಯಾಸವನ್ನು ಬಲಗೈ, ಎಡಗೈ, ತಲೆ, ಮೊಣಕಾಲು ಎಂದು ಒಂದಾದ ಮೇಲೊಂದು ಮಾಡಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಏನು ಕಂಡಿತು? ಗೊಂಬೆಯ ಹಾಗೆ ಇತ್ತು ಎಂದು ಅವರು ತಾವಾಗಿ ಹೇಳಿದರೆ ಗುರುಗಳನ್ನು ಹುಡುಕಿಕೊಂಡು ಹೋಗಲು ನೀವು ತಯಾರಾಗಿದ್ದೀರಿ. ಹೇಳದಿದ್ದರೆ ಮತ್ತೆ ಎರಡು ವಾರ ಬಲಗೈ ಒಂದನ್ನೇ ಹಿಡಿಯಿರಿ. ಏಳಿಸಿ, ನಿಲ್ಲಿಸಿ, ಬೀಳಲು ಬಿಡಿ.